ಎಂಟನೇ ಕ್ಲಾಸಿನಿಂದ ಸಿಇಟಿವರೆಗೆ: ಯಾವ ವಿದ್ಯಾರ್ಥಿವೇತನದ ಬೆನ್ನು ಹತ್ತಬೇಕು?

"ಯಾವ್ ಪರೀಕ್ಷೆ ಕಟ್ಸಿದ್ರೆ ಎಷ್ಟ್ ದುಡ್ ಬತ್ತದೆ ಸಾ?" ಮಂಡ್ಯ ಕಡೆಯ ಅಪ್ಪಂದಿರು ಮೇಷ್ಟ್ರನ್ನು ಕೇಳುವುದು ಸಾಮಾನ್ಯವಾಗಿ ಇಷ್ಟೇ. ಪ್ರಶ್ನೆ ಸರಿಯಾಗಿಯೇ ಇದೆ, ಆದರೆ ಅರ್ಧಕ್ಕೆ ನಿಂತಿದೆ. ಎಷ್ಟು ಬರುತ್ತದೆ ಎನ್ನುವುದರ ಜೊತೆಗೆ ಎಲ್ಲಿಯವರೆಗೆ ಬರುತ್ತದೆ, ನಾವು ಏನು ಮಾಡಿದರೆ ನಿಂತುಹೋಗುತ್ತದೆ ಎಂದೂ ಕೇಳಬೇಕು. ಪಟ್ಟಿಯಲ್ಲಿ ಹೆಸರು ಬಂತು, ಶಾಲೆ ಮುಂದೆ ಫ್ಲೆಕ್ಸ್ ಕಟ್ಟಿದರು, ಎರಡು ವರ್ಷ ಹಣವೂ ಬಂತು. ಆಮೇಲೆ ಪಿಯುಗೆ ಬೇರೆ ಥರದ ಕಾಲೇಜಿಗೆ ಸೇರಿಸಿದ ಒಂದೇ ಕಾರಣಕ್ಕೆ ಉಳಿದದ್ದು ಹೋಯಿತು. ಹೀಗಾಗುವುದಕ್ಕೆ ಮಗು ಓದಿನಲ್ಲಿ ಹಿಂದೆ ಬೀಳಬೇಕಾಗಿಲ್ಲ; ಮನೆಯವರು ನಿಯಮದ ಎರಡನೇ ಪುಟ ಓದದಿದ್ದರೆ ಸಾಕು.

ಮೈಸೂರು, ಮಂಡ್ಯ ಜಿಲ್ಲೆಗಳ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಓದುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅಂಕದ ಮೇಲೆ, ಪರೀಕ್ಷೆಯ ಮೇಲೆ ಸಿಗುವ ನೆರವುಗಳೇ ಮುಖ್ಯ ವಿಷಯ. ಅಂಕ ಕೇಳದ ಒಂದೆರಡನ್ನು ಪಕ್ಕಕ್ಕಿಟ್ಟು ನೋಡಲಿಕ್ಕೆಂದು ಸೇರಿಸಿದ್ದೇನೆ.

ಮೊದಲು, ಇಲ್ಲದ ಪರೀಕ್ಷೆಗಳು

ಎನ್‌ಟಿಎಸ್‌ಇ ಗೈಡುಗಳು ಈಗಲೂ ಹಳೆ ಪುಸ್ತಕದ ಅಂಗಡಿಗಳಲ್ಲಿ ಕಾಣಸಿಗುತ್ತವೆ. 1963ರಲ್ಲಿ ಶುರುವಾದ, ಎನ್‌ಸಿಇಆರ್‌ಟಿ ನಡೆಸುತ್ತಿದ್ದ, ಹತ್ತನೇ ತರಗತಿಯ ಮಕ್ಕಳಿಗೆ ದೊಡ್ಡ ಗೌರವವಾಗಿದ್ದ ಪರೀಕ್ಷೆ ಅದು. ಯೋಜನೆಗೆ ಇದ್ದ ಮಂಜೂರಾತಿ 2021ರ ಮಾರ್ಚ್ 31ಕ್ಕೆ ಮುಗಿಯಿತು, ಪರೀಕ್ಷೆ ನಿಂತಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ, ವಿಜ್ಞಾನ ಓದುವವರ ವಿದ್ಯಾರ್ಥಿವೇತನ ಪರೀಕ್ಷೆ ಕೆವಿಪಿವೈ ಕಥೆಯೂ ಅಷ್ಟೇ: 1999ರಿಂದ ನಡೆದು, 2022ರಲ್ಲಿ ಕೇಂದ್ರದ ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಹೋಯಿತು. ಈ ಎರಡರ ಹೆಸರಿನಲ್ಲಿ ಯಾರಾದರೂ ಕೋಚಿಂಗ್ ಫೀಸು ಕೇಳಿದರೆ, ಈ ವರ್ಷದ ಅಧಿಸೂಚನೆ ತೋರಿಸಿ ಎನ್ನಿ.

ಎಂಟನೇ ತರಗತಿ: ಎನ್‌ಎಂಎಂಎಸ್

ಸರ್ಕಾರಿ ಶಾಲೆಯ ಮಗುವಿಗೆ ಮೊದಲು ತೆರೆದುಕೊಳ್ಳುವುದು ಇದು, ನನ್ನ ಲೆಕ್ಕದಲ್ಲಿ ಪಿಯುಸಿಗಿಂತ ಮುಂಚೆ ಇರುವುದರಲ್ಲಿ ಇದೇ ಒಳ್ಳೆಯದು. ನ್ಯಾಷನಲ್ ಮೀನ್ಸ್ ಕಂ ಮೆರಿಟ್ ಸ್ಕಾಲರ್‌ಶಿಪ್ ಎಂಬುದು ಪೂರ್ತಿ ಹೆಸರು, 2008ರಲ್ಲಿ ಶುರುವಾದ ಕೇಂದ್ರದ ಯೋಜನೆ. ದೇಶಕ್ಕೆಲ್ಲ ವರ್ಷಕ್ಕೆ 1 ಲಕ್ಷ ಹೊಸ ವಿದ್ಯಾರ್ಥಿವೇತನ. ಎಂಟನೇ ತರಗತಿಯಲ್ಲಿ ಪರೀಕ್ಷೆ, ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು, ಏಳನೇ ತರಗತಿಯಲ್ಲಿ ಶೇ. 55 ಬಂದಿರಬೇಕು, ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ. 5 ಸಡಿಲಿಕೆ ಇದೆ.

ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಏಳು ಮತ್ತು ಎಂಟನೇ ತರಗತಿಯ ಪಾಠಗಳದ್ದು. ಒಂದೊಂದಕ್ಕೂ 90 ಪ್ರಶ್ನೆ, 90 ನಿಮಿಷ. ಎರಡನೆಯ ಪತ್ರಿಕೆಯಲ್ಲಿ ವಿಜ್ಞಾನ, ಸಮಾಜ, ಗಣಿತ ಇರುತ್ತದೆ, ಪಾಠ ಓದಿದ ಮಗುವಿಗೆ ಅದು ಹೊಸದಲ್ಲ. ಹೊಸದಾಗಿ ಕಾಣುವುದು ಮೊದಲನೆಯದು. ಸಂಖ್ಯಾ ಸರಣಿ, ಸಾದೃಶ್ಯ, ಕೋಡಿಂಗ್–ಡಿಕೋಡಿಂಗ್, ಕನ್ನಡಿ ಬಿಂಬ, ವೆನ್ ಚಿತ್ರ, ಗುಂಪಿಗೆ ಸೇರದ್ದನ್ನು ಆರಿಸುವುದು. ಇವು ಯಾವ ಪಠ್ಯಪುಸ್ತಕದಲ್ಲೂ ಪಾಠವಾಗಿ ಇಲ್ಲ. ಹಾಗಾಗಿ ಎಚ್.ಡಿ. ಕೋಟೆ ಕಡೆಯ ಚುರುಕಾದ ಹುಡುಗಿಯೂ ಪರೀಕ್ಷೆ ಕೋಣೆಯಲ್ಲೇ ಮೊದಲ ಸಲ ಇಂಥ ಪ್ರಶ್ನೆ ನೋಡಿದರೆ ತಬ್ಬಿಬ್ಬಾಗುತ್ತಾಳೆ. ಬುದ್ಧಿ ಕಡಿಮೆಯಾಗಿ ಅಲ್ಲ, ಒಂದು ಪ್ರಶ್ನೆಗೆ ಒಂದೇ ನಿಮಿಷ ಇರುವಾಗ ಪ್ರಶ್ನೆಯ ಜಾತಕ ತಿಳಿಯುವುದರಲ್ಲೇ ನಿಮಿಷ ಮುಗಿಯುತ್ತದೆ. ಮೂರ್ನಾಲ್ಕು ತಿಂಗಳು ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದರೆ ಈ ಕೊರತೆ ತುಂಬುತ್ತದೆ. ದುಬಾರಿ ಟ್ಯೂಷನ್ ಬೇಕಾಗಿಲ್ಲ, ಸಂಜೆ ಒಂದು ಗಂಟೆ ಕೂರಿಸುವ ಮೇಷ್ಟ್ರು ಸಿಕ್ಕರೆ ಸಾಕು. ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವ ಅಭ್ಯಾಸವನ್ನೂ ಮಾಡಿಸಿ, ಅದರಲ್ಲೇ ಎಡವುವ ಮಕ್ಕಳಿದ್ದಾರೆ.

ಎರಡೂ ಪತ್ರಿಕೆ ಸೇರಿ ಶೇ. 40 ಬೇಕು, ಪರಿಶಿಷ್ಟರಿಗೆ ಶೇ. 32. ಇದು ಪಟ್ಟಿಗೆ ಪರಿಗಣಿಸಲು ಬೇಕಾದ ಕನಿಷ್ಠ ಮಾತ್ರ. ಆಯ್ಕೆ ನಡೆಯುವುದು ರಾಜ್ಯಕ್ಕೆ ಹಂಚಿಕೆಯಾದ ಸಂಖ್ಯೆಯೊಳಗೆ, ಮೀಸಲಾತಿವಾರು ಮೆರಿಟ್ ಮೇಲೆ. "ನಲವತ್ತು ಬಂತಲ್ಲ, ಆಯ್ತು ಬಿಡು" ಎಂದು ಕೂರುವಂತಿಲ್ಲ.

ಯಾರಿಗೆ ಇಲ್ಲ? ಖಾಸಗಿ ಅನುದಾನರಹಿತ ಶಾಲೆಯವರಿಗೆ ಇಲ್ಲ. ಕೇಂದ್ರೀಯ ವಿದ್ಯಾಲಯ, ನವೋದಯ, ಸೈನಿಕ ಶಾಲೆಗಳಿಗೆ ಇಲ್ಲ. ಊಟ–ವಸತಿ ಎಲ್ಲ ಸರ್ಕಾರವೇ ಕೊಡುವ ರಾಜ್ಯದ ವಸತಿ ಶಾಲೆಗಳಿಗೂ ಇಲ್ಲ. ಕೆಲವರು ಇದನ್ನು ಕೇಳಿ ಮಗುವನ್ನು ಮೊರಾರ್ಜಿ ಶಾಲೆಯಿಂದ ಬಿಡಿಸಿ ಊರಿನ ಹೈಸ್ಕೂಲಿಗೆ ಹಾಕುವ ಯೋಚನೆ ಮಾಡುತ್ತಾರೆ. ಬೇಡ. ವರ್ಷವಿಡೀ ಊಟ, ವಸತಿ, ಪಾಠ ಸಿಗುತ್ತಿರುವಾಗ, ಬಂದರೂ ಬಾರದಿದ್ದರೂ ಎನ್ನುವ 12,000ಕ್ಕಾಗಿ ಅದನ್ನು ಬಿಡುವುದು ನಷ್ಟದ ವ್ಯಾಪಾರ.

ಇನ್ನು ಎರಡನೇ ಪುಟದ ವಿಷಯ. ಎನ್‌ಎಂಎಂಎಸ್ ಉಳಿಯಬೇಕಾದರೆ ಹತ್ತನೇ ತರಗತಿಯಲ್ಲಿ ಶೇ. 60 ಬರಬೇಕು, ಪರಿಶಿಷ್ಟರಿಗೆ ಶೇ. 55. ಅದಕ್ಕಿಂತ ಹೆಚ್ಚು ಜನ ಎಡವುವುದು ಇನ್ನೊಂದು ನಿಯಮದಲ್ಲಿ: ಪಿಯುಸಿಯನ್ನೂ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲೇ ಓದಬೇಕು. ಎಸ್‌ಎಸ್‌ಎಲ್‌ಸಿ ಮುಗಿಯುತ್ತಿದ್ದಂತೆ ಮೈಸೂರಿನ ಖಾಸಗಿ ಇಂಟಿಗ್ರೇಟೆಡ್ ಕಾಲೇಜಿಗೆ ಸೇರಿಸಿದರೆ ಉಳಿದ 24,000 ಅಲ್ಲಿಗೆ ಮುಗಿಯಿತು. ಡಿಪ್ಲೊಮಾಗೆ ಹೋದರೂ ನಿಲ್ಲುತ್ತದೆ, ಈ ಹಣ ಡಿಪ್ಲೊಮಾ, ಸರ್ಟಿಫಿಕೇಟ್ ಕೋರ್ಸುಗಳಿಗೆ ಇಲ್ಲ.

ಹಾಗೆಂದು 24,000ಕ್ಕಾಗಿ ಮಗುವಿನ ದಾರಿ ಬದಲಿಸಿ ಎನ್ನುತ್ತಿಲ್ಲ. ಯಂತ್ರದ ಕೆಲಸದಲ್ಲಿ ಕೈ ಪಳಗುವ ಹುಡುಗ ಪಾಲಿಟೆಕ್ನಿಕ್ಕಿಗೇ ಹೋಗಲಿ. ಆದರೆ ಖಾಸಗಿ ಪಿಯು ಕಾಲೇಜಿನ ಫೀಸಿನ ಲೆಕ್ಕ ಹಾಕುವಾಗ ಕಳೆದುಕೊಳ್ಳುವ ಈ 24,000ವನ್ನೂ ಆ ಫೀಸಿಗೆ ಕೂಡಿಸಿಕೊಳ್ಳಿ. ಹೆಚ್ಚಿನವರು ಕೂಡಿಸುವುದಿಲ್ಲ.

ಇಲ್ಲಿ ಇನ್ನೊಂದು ಮಾತು ಸೇರಿಸಲೇಬೇಕು. ಏಳು ಮುಗಿದ ಮೇಲೆ "ಟೌನಿಗೆ ಹಾಕೋಣ, ಇಂಗ್ಲಿಷ್ ಮೀಡಿಯಂ ಆಗಲಿ" ಎಂದು ಹಳ್ಳಿಯ ಕನ್ನಡ ಶಾಲೆಯಿಂದ ನಗರದ ಖಾಸಗಿ ಶಾಲೆಗೆ ಸೇರಿಸುವವರು ನಮ್ಮ ಕಡೆ ಬಹಳ. ಆ ಒಂದು ಟಿಸಿ ತೆಗೆಸಿದ ದಿನ ಮೂರು ಹಕ್ಕು ಒಟ್ಟಿಗೆ ಹೋಗುತ್ತವೆ. ಎನ್‌ಎಂಎಂಎಸ್ ಬರೆಯುವ ಅರ್ಹತೆ ಒಂದು. ಮುಂದೆ ಸಿಇಟಿ ಸೀಟಿನಲ್ಲಿ ಇರುವ ಶೇ. 15ರ ಗ್ರಾಮೀಣ ಮೀಸಲಾತಿ ಇನ್ನೊಂದು. ಶೇ. 5ರ ಕನ್ನಡ ಮಾಧ್ಯಮದ ಮೀಸಲಾತಿ ಮತ್ತೊಂದು. ಕೊನೆಯ ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷದ ಲೆಕ್ಕ ಬೇಕು. ಮಧ್ಯೆ ಒಂದು ವರ್ಷ ತಪ್ಪಿದರೂ ಬಿಇಒ ಸಹಿ ಹಾಕುವ ವ್ಯಾಸಂಗ ಪ್ರಮಾಣಪತ್ರ ಕೆಲಸಕ್ಕೆ ಬರುವುದಿಲ್ಲ. ಪಾಂಡವಪುರದ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಉಳಿದ ಮಗುವಿಗೆ ಹತ್ತರ ಹೊತ್ತಿಗೆ ಕೈಯಲ್ಲಿ ಏನೇನಿರುತ್ತದೆ ಎಂದು ಆ ಮನೆಯವರಿಗೇ ಗೊತ್ತಿರುವುದಿಲ್ಲ.

ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ

ಹತ್ತನೇ ತರಗತಿಯಲ್ಲಿ ಬೇರೆ ಪರೀಕ್ಷೆ ಹುಡುಕುವುದಕ್ಕಿಂತ ಬೋರ್ಡ್ ಅಂಕವನ್ನೇ ಎತ್ತರಿಸುವುದು ಲಾಭ. ಇಲ್ಲಿ ಹೆಚ್ಚಿನವು ಬೋರ್ಡ್ ಅಂಕವನ್ನೇ ನೋಡುತ್ತವೆ.

ಬಡತನವೂ ಇದ್ದು ಅಂಕವೂ ಚೆನ್ನಾಗಿದ್ದರೆ ಮೊದಲು ನೋಡಬೇಕಾದ್ದು ಸರೋಜಿನಿ ದಾಮೋದರನ್ ಪ್ರತಿಷ್ಠಾನದ ವಿದ್ಯಾಧನ್. ಕುಟುಂಬದ ಆದಾಯ 2 ಲಕ್ಷದೊಳಗೆ, ಎಸ್‌ಎಸ್‌ಎಲ್‌ಸಿಯಲ್ಲಿ ಶೇ. 90, ಅಂದರೆ 625ಕ್ಕೆ 563. ಅರ್ಜಿ ಹಾಕಿದವರಲ್ಲಿ ಆಯ್ದವರಿಗೆ ಪರೀಕ್ಷೆ, ಸಂದರ್ಶನ ಇರುತ್ತದೆ. ಪಿಯುಸಿಯ ಎರಡು ವರ್ಷ ನೆರವು, ಚೆನ್ನಾಗಿ ಓದಿದರೆ ಪದವಿಗೂ ಮುಂದುವರಿಯುವ ಅವಕಾಶ. ಇದರ ಗುಣ ನನಗೆ ಹಿಡಿಸುವುದು ಆ ಮುಂದುವರಿಕೆಯಲ್ಲಿ, ಒಮ್ಮೆ ಕೊಟ್ಟು ಫೋಟೊ ತೆಗೆಸಿಕೊಂಡು ಕೈತೊಳೆದುಕೊಳ್ಳುವ ನೆರವು ಇದಲ್ಲ. ಸಂದರ್ಶನಕ್ಕೆ ಹೋಗುವ ಮಕ್ಕಳಿಗೆ ಮನೆಯ ಪರಿಸ್ಥಿತಿಯನ್ನು ಇದ್ದದ್ದು ಇದ್ದಹಾಗೆ ಹೇಳಲು ಧೈರ್ಯ ತುಂಬಿ. ನಾಚಿಕೆಯಿಂದ ಮುಚ್ಚಿಡುವವರೇ ಹೆಚ್ಚು.

ಪರಿಶಿಷ್ಟ ಜಾತಿಯ ಮಕ್ಕಳಿಗೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನ ಇದೆ, ಪ್ರೈಜ್ ಮನಿ ಎಂದೇ ಎಲ್ಲರೂ ಕರೆಯುವುದು. ಷರತ್ತು ಒಂದೇ, ಆದರೆ ಗಟ್ಟಿ: ಮೊದಲ ಯತ್ನದಲ್ಲೇ ಪ್ರಥಮ ದರ್ಜೆ. ಪಿಯುಸಿ ಅಥವಾ ಡಿಪ್ಲೊಮಾ ಮುಗಿಸಿದರೆ 20,000, ಪದವಿಗೆ 25,000, ಸ್ನಾತಕೋತ್ತರಕ್ಕೆ 30,000, ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ, ಪಶುವೈದ್ಯಕ್ಕೆ 35,000. ಇದು ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಹಾಕುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕಿಂತ ಬೇರೆ, ಅರ್ಜಿಯೂ ಬೇರೆ. ಅದಕ್ಕೆ ಹಾಕಿದ್ದೇವೆ, ಇದೂ ಬರುತ್ತದೆ ಎಂದು ಕಾಯುತ್ತಾ ಕುಳಿತರೆ ಬರುವುದಿಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆಯಲ್ಲ ಎಂದು ಪರೀಕ್ಷೆ–1ನ್ನು ಹಗುರ ಮಾಡಿಕೊಳ್ಳುವ ಹುಡುಗರಿಗೆ ಈ "ಮೊದಲ ಯತ್ನ" ಎಂಬುದನ್ನು ಜ್ಞಾಪಿಸಿ.

ಪಿಎಂ ಯಶಸ್ವಿ ಯೋಜನೆಯ ಮೊತ್ತ ಕೇಳಿದರೆ ಕಣ್ಣರಳುತ್ತದೆ: ಒಂಬತ್ತು, ಹತ್ತಕ್ಕೆ ವರ್ಷಕ್ಕೆ 75,000ವರೆಗೆ, ಹನ್ನೊಂದು, ಹನ್ನೆರಡಕ್ಕೆ 1.25 ಲಕ್ಷದವರೆಗೆ. ಹಿಂದುಳಿದ ವರ್ಗ, ಆರ್ಥಿಕವಾಗಿ ಹಿಂದುಳಿದವರು ಮತ್ತು ಅಲೆಮಾರಿ ಸಮುದಾಯಗಳಿಗೆ, ಆದಾಯ ಮಿತಿ 2.5 ಲಕ್ಷ. ಆದರೆ ಈ ಮೊತ್ತ ಕೇಂದ್ರ ಗುರುತಿಸಿದ ಪಟ್ಟಿಯಲ್ಲಿರುವ ಶಾಲೆಗಳ ಮಕ್ಕಳಿಗೆ. ಕೇಂದ್ರದ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸಬೇಕಿದ್ದ ಪ್ರವೇಶ ಪರೀಕ್ಷೆಯನ್ನು 2023ರಲ್ಲಿ ಕೈಬಿಟ್ಟು, ಎಂಟು ಮತ್ತು ಹತ್ತನೇ ತರಗತಿಯ ಅಂಕದ ಮೇಲೆ ಆಯ್ಕೆ ಎಂದರು. ಹಾಗಾಗಿ ಮೊದಲು ನಿಮ್ಮ ಶಾಲೆ ಪಟ್ಟಿಯಲ್ಲಿದೆಯೇ ನೋಡಿ, ಇಲ್ಲದಿದ್ದರೆ ಅದರ ಮೇಲೆ ಇನ್ನು ತಲೆ ಕೆಡಿಸಿಕೊಳ್ಳಬೇಡಿ.

ಅಂಕವನ್ನೇ ಕೇಳದ ಒಂದು: 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ. ಶುರುವಿನಲ್ಲಿ ನಿಗದಿಯಾದ ದರ ಪಿಯುಸಿ, ಐಟಿಐ, ಡಿಪ್ಲೊಮಾಕ್ಕೆ ಹುಡುಗರಿಗೆ 2,500, ಹುಡುಗಿಯರಿಗೆ 3,000. ಎಂಜಿನಿಯರಿಂಗ್, ವೈದ್ಯಕೀಯದಂಥ ಕೋರ್ಸಿಗೆ 10,000 ಮತ್ತು 11,000. ಪಹಣಿ ಅಪ್ಪ–ಅಮ್ಮನ ಹೆಸರಲ್ಲಿದ್ದು ರೈತರ ವಿವರ ಇಡುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾಗಿದ್ದರೆ ಲೆಕ್ಕ. ಜಮೀನು ಇನ್ನೂ ತಾತನ ಹೆಸರಲ್ಲೇ ಇದೆ ಎನ್ನುವ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂದು ಹೇಳಬೇಕಾಗಿಲ್ಲ.

ಖಾಸಗಿ ಪಿಯು ಕಾಲೇಜುಗಳ "ಸ್ಕಾಲರ್‌ಶಿಪ್ ಟೆಸ್ಟ್" ಬಗ್ಗೆ ಎರಡು ಮಾತು. ಬೇಸಿಗೆ ಬರುತ್ತಿದ್ದಂತೆ ಮೈಸೂರಿನ ರಸ್ತೆ ತುಂಬ ಬ್ಯಾನರ್: ಶೇ. 50 ರಿಯಾಯಿತಿ, ಶೇ. 75 ರಿಯಾಯಿತಿ, ನೂರಕ್ಕೆ ನೂರು ಉಚಿತ. ರಿಯಾಯಿತಿ ಯಾವುದರ ಮೇಲೆ ಎಂದು ಕೇಳಿ. ಬೋಧನಾ ಶುಲ್ಕದ ಮೇಲೆ ಮಾತ್ರವೇ, ಹಾಸ್ಟೆಲ್, ಸ್ಟಡಿ ಮೆಟೀರಿಯಲ್, ಕೋಚಿಂಗ್ ಸೇರಿ ಒಟ್ಟು ಮೊತ್ತದ ಮೇಲೆಯೇ? ಎರಡನೇ ವರ್ಷಕ್ಕೂ ಉಂಟೇ? ಕಾಲೇಜು ಬಿಟ್ಟರೆ ಕಟ್ಟಿದ್ದು ವಾಪಸು ಬರುತ್ತದೆಯೇ? ಉತ್ತರವನ್ನು ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ. ಬೆಲೆ ಅವರೇ ಇಟ್ಟು ಅವರೇ ಇಳಿಸಿದ್ದನ್ನು ವಿದ್ಯಾರ್ಥಿವೇತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕೊನೆಗೆ ಎರಡು ವರ್ಷಕ್ಕೆ ಕೈಯಿಂದ ಹೋಗುವ ಒಟ್ಟು ಹಣ ಎಷ್ಟು ಎನ್ನುವ ಒಂದೇ ಅಂಕಿಯನ್ನು ಹತ್ತಿರದ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನ ಅದೇ ಅಂಕಿಯ ಪಕ್ಕದಲ್ಲಿ ಬರೆದು ನೋಡಿ.

ಪಿಯುಸಿ ಆದಮೇಲೆ: ಮೂರು ದಾರಿ

ಇಲ್ಲಿಗೆ ಬಂದಾಗ ಮೊತ್ತ ದೊಡ್ಡದಾಗುತ್ತದೆ, ಆಯ್ಕೆಯೂ ತೊಡಕಾಗುತ್ತದೆ.

ಮೊದಲನೆಯದು ಕೇಂದ್ರದ ಕಾಲೇಜು–ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಯೋಜನೆ. ಸೆಂಟ್ರಲ್ ಸೆಕ್ಟರ್ ಸ್ಕೀಮ್ ಎಂದೇ ಕಾಲೇಜುಗಳಲ್ಲಿ ಬಳಕೆ. ದೇಶಕ್ಕೆ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನ, ಅರ್ಧ ಹೆಣ್ಣುಮಕ್ಕಳಿಗೆ. ಆದಾಯ ಮಿತಿ 4.5 ಲಕ್ಷ. ಪದವಿಯ ಮೂರು ವರ್ಷ ತಲಾ 12,000. ನಾಲ್ಕು ವರ್ಷದ ಬಿಇ ಆದರೆ ಕೊನೆಯ ವರ್ಷ 20,000. ಬೇಕಾದದ್ದು 80 ಪರ್ಸೆಂಟೈಲ್ ಮೇಲೆ. ಇದನ್ನು ನೂರಕ್ಕೆ ಎಂಬತ್ತು ಅಂಕ ಎಂದುಕೊಂಡು ಅರ್ಜಿಯನ್ನೇ ಹಾಕದವರು ಇದ್ದಾರೆ, ಬಂದೇ ಬರುತ್ತದೆ ಎಂದುಕೊಂಡವರೂ ಇದ್ದಾರೆ. ನಮ್ಮ ಬೋರ್ಡಿನಲ್ಲಿ ನಿಮ್ಮ ವಿಭಾಗದಲ್ಲಿ ಪಾಸಾದ ನೂರು ಜನರಲ್ಲಿ ಎಂಬತ್ತು ಜನರಿಗಿಂತ ಮೇಲಿರಬೇಕು ಎಂದು ಅರ್ಥ. ಸ್ಪರ್ಧೆ ಆಯಾ ವಿಭಾಗದೊಳಗೆ. ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿಗೆ 3:2:1ರಂತೆ ಹಂಚಿಕೆ. ಹಾಗಾಗಿ ನಾಗಮಂಗಲದ ಸರ್ಕಾರಿ ಪಿಯು ಕಾಲೇಜಿನಲ್ಲಿ ಕಲಾ ವಿಭಾಗ ಓದಿ ಮಹಾರಾಜ ಕಾಲೇಜಿಗೆ ಬಿಎ ಸೇರುವ ಹುಡುಗಿ, ಮೈಸೂರಿನ ವಿಜ್ಞಾನದ ರ‍್ಯಾಂಕ್ ಮಕ್ಕಳ ಜೊತೆ ಸೆಣಸಬೇಕಾಗಿಲ್ಲ. ಕಲಾ ವಿಭಾಗದವರಿಗೆ ಅಂಕದ ಮೇಲೆ ಸಿಗುವ ನೆರವು ಮೊದಲೇ ಕಡಿಮೆ. ಅವರಿಗೆ ನಾನು ಇದನ್ನೇ ಮೊದಲು ಹೇಳುವುದು. ನವೀಕರಣಕ್ಕೆ ಪ್ರತಿ ವರ್ಷ ಶೇ. 50 ಅಂಕ, ಶೇ. 75 ಹಾಜರಾತಿ. ಮಂಡ್ಯದಿಂದ ದಿನಾ ರೈಲಿನಲ್ಲಿ ಮೈಸೂರಿಗೆ ಓಡಾಡುವವರು ಹಾಜರಾತಿಯ ಕಡೆ ಕಣ್ಣಿಡಬೇಕು, ಬೆಳಗಿನ ಮೊದಲ ಪೀರಿಯಡ್ ತಪ್ಪುತ್ತಾ ತಪ್ಪುತ್ತಾ ವರ್ಷದ ಕೊನೆಗೆ ಎಪ್ಪತ್ತಕ್ಕೆ ಬಂದಿರುತ್ತದೆ.

ಎರಡನೆಯದು ಇನ್‌ಸ್ಪೈರ್–ಷಿ. ಮೂಲ ವಿಜ್ಞಾನ ಓದುವವರಿಗೆ ವರ್ಷಕ್ಕೆ 80,000: ಕೈಗೆ 60,000, ಬೇಸಿಗೆಯ ಸಂಶೋಧನಾ ಪ್ರಾಜೆಕ್ಟಿಗೆ 20,000. ಬಿಎಸ್ಸಿಯಿಂದ ಎಂಎಸ್ಸಿವರೆಗೆ ಐದು ವರ್ಷ ಸಿಗಬಹುದು, ಕೈಗೆ ಬರುವುದೇ 3 ಲಕ್ಷ. ಆದಾಯ ಮಿತಿ ಇಲ್ಲ. ಬೇಕಾದದ್ದು ಬೋರ್ಡಿನ ಮೇಲಿನ ಶೇ. 1ರೊಳಗೆ ಇರುವುದು, ಜೊತೆಗೆ ಭೌತ, ರಸಾಯನ, ಗಣಿತ, ಜೀವವಿಜ್ಞಾನದಂಥ ವಿಷಯದಲ್ಲಿ ಪದವಿ ಓದುವುದು. ಯುವರಾಜ ಕಾಲೇಜು, ಆಮೇಲೆ ಮಾನಸಗಂಗೋತ್ರಿ ಎನ್ನುವ ದಾರಿ ಹಿಡಿಯುವ ಮೈಸೂರು–ಮಂಡ್ಯದ ಮಗುವಿಗೆ ಇದಕ್ಕಿಂತ ದೊಡ್ಡ ನಗದು ನೆರವು ನನಗೆ ಕಾಣುವುದಿಲ್ಲ. ಮನೆಗೆ ಹತ್ತಿರದಲ್ಲೇ ಓದಿ ಖರ್ಚು ಕಳೆದೂ ಉಳಿಯುತ್ತದೆ. ಬಿಇ, ಎಂಬಿಬಿಎಸ್ ಸೇರಿದರೆ ಇಲ್ಲ. ವಿ.ಸಿ. ಫಾರಂನ ಕೃಷಿ ಪದವಿಯ ಹೆಸರಿನಲ್ಲೂ ಬಿಎಸ್ಸಿ ಇದೆ, ಅದಕ್ಕೂ ಇಲ್ಲ.

ಶೇ. 1 ಎಂದರೆ ಕಷ್ಟದ ಮಾತು, ನಿಜ. ಆದರೆ ಅಷ್ಟು ಅಂಕ ತೆಗೆದವರಲ್ಲಿ ಬಹುಪಾಲು ಎಂಜಿನಿಯರಿಂಗ್, ವೈದ್ಯಕೀಯಕ್ಕೆ ಹೋಗಿಬಿಡುತ್ತಾರೆ. ಭೌತವಿಜ್ಞಾನದ ಮೇಲೆ ನಿಜವಾದ ಪ್ರೀತಿ ಇರುವ ಮಗುವನ್ನು "ಬಿಎಸ್ಸಿ ಓದಿ ಏನ್ ಮಾಡ್ತಿಯಾ" ಎಂದು ಎಳೆದು ಬಿಇಗೆ ಹಾಕುವ ಮುನ್ನ, ಮನೆಯವರು ಈ ಮೂರು ಲಕ್ಷದ ಲೆಕ್ಕವನ್ನು ಒಂದು ಸಲ ನೋಡಬಹುದು. ಒಂದೇ ಎಚ್ಚರಿಕೆ: ಹಣ ಕಾರ್ಖಾನೆಯ ಕಬ್ಬಿನ ಬಿಲ್ಲಿನಂತೆ, ಬರುವುದು ಬರುತ್ತದೆ, ಬೇಕಾದ ತಿಂಗಳಲ್ಲಿ ಬರುವುದಿಲ್ಲ. ಮೊದಲ ವರ್ಷದ ಫೀಸು, ಹಾಸ್ಟೆಲಿಗೆ ಬೇರೆ ದಾರಿ ಮಾಡಿಕೊಂಡೇ ಸೇರಿಸಿ. ಈ ಮಾತು ಉಳಿದ ಸರ್ಕಾರಿ ವಿದ್ಯಾರ್ಥಿವೇತನಗಳಿಗೂ ಸಲ್ಲುತ್ತದೆ.

ಮೂರನೆಯದನ್ನು ಜನ ವಿದ್ಯಾರ್ಥಿವೇತನ ಎಂದು ಎಣಿಸುವುದೇ ಇಲ್ಲ, ಕೈಗೆ ನಗದು ಬರುವುದಿಲ್ಲವಲ್ಲ. ಅದು ಸಿಇಟಿ ರ‍್ಯಾಂಕ್. ಎಂಜಿನಿಯರಿಂಗ್‌ಗೆ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ತೂಕ ಕೊಟ್ಟು ರ‍್ಯಾಂಕ್ ಮಾಡುತ್ತಾರೆ. ಒಳ್ಳೆಯ ರ‍್ಯಾಂಕ್ ಬಂದರೆ ಮಂಡ್ಯದ ಪಿಇಎಸ್, ಮೈಸೂರಿನ ಎನ್‌ಐಇಯಂಥ ಹಳೆಯ ಕಾಲೇಜುಗಳ ಅನುದಾನಿತ ಸೀಟು ಸಿಗಬಹುದು. ಅನುದಾನಿತ ಸೀಟಿನ ಫೀಸಿಗೂ ಅದೇ ಆವರಣದ ಮ್ಯಾನೇಜ್‌ಮೆಂಟ್ ಸೀಟಿನ ಫೀಸಿಗೂ ನಾಲ್ಕು ವರ್ಷದಲ್ಲಿ ಬೀಳುವ ವ್ಯತ್ಯಾಸದ ಮುಂದೆ ಮೇಲಿನ ಹನ್ನೆರಡು ಸಾವಿರ ಚಿಲ್ಲರೆ ಕಾಸು. ಮ್ಯಾನೇಜ್‌ಮೆಂಟ್ ಸೀಟು ಕೊಂಡು ಆಮೇಲೆ ವಿದ್ಯಾರ್ಥಿವೇತನ ಹುಡುಕಿಕೊಂಡು ಓಡಾಡುವುದನ್ನು ಕಂಡಾಗ ಬೇಸರವಾಗುತ್ತದೆ.

ಇದರೊಳಗೇ ಅಡಗಿರುವುದು ಎಸ್‌ಎನ್‌ಕ್ಯೂ, ಸೂಪರ್‌ನ್ಯೂಮರರಿ ಕೋಟಾ. ಮಂಜೂರಾದ ಸೀಟುಗಳ ಮೇಲೆ ಶೇ. 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಪೂರ್ತಿ ಮಾಫಿ. ಆದಾಯ ಮಿತಿ 8 ಲಕ್ಷ, ಜಾತಿಯ ಕಟ್ಟಿಲ್ಲ, ಹಂಚಿಕೆ ಸಿಇಟಿ ನಡೆಸುವ ಕೆಇಎ ಮೂಲಕ ರ‍್ಯಾಂಕ್ ಮೇಲೆ. ಉಳಿದ ಶುಲ್ಕಗಳನ್ನು ಕಟ್ಟಬೇಕು. ಆಮೇಲೆ ಬ್ರಾಂಚ್, ಕಾಲೇಜು ಬದಲಿಸಲು ಬಿಡುವುದಿಲ್ಲ. ಹಾಗಾಗಿ ಯಾವುದೋ ಒಂದು ಬ್ರಾಂಚ್ ಸಿಗಲಿ ಎಂದು ಒಪ್ಪಿಕೊಳ್ಳಬೇಡಿ. ಸಿಇಟಿ ಅರ್ಜಿ ತುಂಬುವಾಗಲೇ ಈ ಕೋಟಾ ಕೇಳಿಕೊಂಡು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೊಡಬೇಕು. ಸೈಬರ್ ಸೆಂಟರಿನ ಹುಡುಗ ಅವಸರದಲ್ಲಿ ಆ ಕಲಂ ದಾಟಿಸಿಬಿಟ್ಟರೆ ಹೋಯಿತು. ಪಕ್ಕದಲ್ಲಿ ಕೂತು ತುಂಬಿಸಿ.

ಮೂರೂ ದಾರಿಯನ್ನು ಒಟ್ಟಿಗೆ ನೋಡಿದಾಗ ಒಂದು ಕಾಣುತ್ತದೆ. ಸೆಂಟ್ರಲ್ ಸೆಕ್ಟರ್‌ಗೆ ಪಿಯುಸಿ ಅಂಕ, ಇನ್‌ಸ್ಪೈರ್‌ಗೆ ಪಿಯುಸಿ ಅಂಕ, ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಪಿಯುಸಿ ಅಂಕ. ಎರಡು ವರ್ಷ ಜೆಇಇ, ನೀಟ್ ಎಂದು ಬೋರ್ಡ್ ಪುಸ್ತಕವನ್ನು ಕೊನೆಯ ತಿಂಗಳಿಗೆ ತಳ್ಳುವ ಕೋಚಿಂಗ್ ಪದ್ಧತಿ ಈ ಮೂರನ್ನೂ ಒಟ್ಟಿಗೆ ಬಲಿ ಕೊಡುತ್ತದೆ. ಐಐಟಿ ಸಿಗುವಷ್ಟು ಸಾಮರ್ಥ್ಯ ಇರುವವರು ಹೋಗಲಿ, ಬೇಡ ಎನ್ನುವುದಿಲ್ಲ. ಉಳಿದವರು ಕನ್ನಡಿಯೊಳಗಿನ ಗಂಟಿಗಾಗಿ ಕೈಯಲ್ಲಿರುವುದನ್ನು ಬಿಡಬಾರದು.

ಇನ್ನೊಂದು: ಇವನ್ನು ಒಂದರ ಮೇಲೊಂದು ಪೇರಿಸಲು ಆಗುವುದಿಲ್ಲ. ರಾಜ್ಯದ ವಿದ್ಯಾರ್ಥಿವೇತನವಾಗಲಿ, ಶುಲ್ಕ ಮಾಫಿಯಾಗಲಿ ಪಡೆಯುತ್ತಿರುವವರಿಗೆ ಸೆಂಟ್ರಲ್ ಸೆಕ್ಟರ್ ಯೋಜನೆ ಇಲ್ಲ. ಎಸ್‌ಎನ್‌ಕ್ಯೂ ಸೀಟು ಸಿಕ್ಕಿದ್ದರೆ ಕಣ್ಣು ಮುಚ್ಚಿಕೊಂಡು ಅದನ್ನೇ ಇಟ್ಟುಕೊಳ್ಳಿ. ಬಿಎ, ಬಿಕಾಂ ಓದುವವರು, ಎಸ್‌ಎಸ್‌ಪಿಯಲ್ಲಿ ತಮಗೆ ಬರುವ ಮೊತ್ತ 12,000ಕ್ಕಿಂತ ಕಡಿಮೆಯಿದ್ದರೆ ಸೆಂಟ್ರಲ್ ಸೆಕ್ಟರ್ ಕಡೆ ಹೋಗುವುದು ಮೇಲು. ಪರಿಶಿಷ್ಟರಿಗೆ ಶುಲ್ಕ ಮರುಪಾವತಿಯೂ ಸೇರಿ ಎಸ್‌ಎಸ್‌ಪಿಯದ್ದೇ ಹೆಚ್ಚಾಗುವ ಸಂಭವ ಇದೆ.

ಅಮೆರಿಕದ ಎಸ್‌ಎಟಿ ಬರೆಸಬೇಕೆ?

ಇನ್ಫೊಸಿಸ್ ಕ್ಯಾಂಪಸ್ ಇರುವ ಊರಲ್ಲವೆ, ಮೈಸೂರಿನ ಹೆಬ್ಬಾಳು, ವಿಜಯನಗರದ ಕಡೆ ಈ ಪ್ರಶ್ನೆಯೂ ಬರುತ್ತದೆ. ಎಸ್‌ಎಟಿ 1600 ಅಂಕದ ಪರೀಕ್ಷೆ, ಭಾರತದಲ್ಲಿ 2023ರಿಂದ ಕಂಪ್ಯೂಟರಿನಲ್ಲೇ ಬರೆಯುವುದು. ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳು ಈ ಅಂಕವನ್ನೂ ಹೈಸ್ಕೂಲಿನ ಅಂಕವನ್ನೂ ನೋಡಿ ಬೋಧನಾ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತವೆ, ಹೊರದೇಶದವರಿಗೂ ಕೊಡುವ ಕಡೆಗಳಿವೆ. ಆದರೆ ಅಲ್ಲಿನ ಶುಲ್ಕ ಡಾಲರಿನಲ್ಲಿ ಹತ್ತಾರು ಸಾವಿರ. ಅರ್ಧ ಮಾಫಿಯಾದರೂ ಉಳಿದರ್ಧಕ್ಕೆ ಇಲ್ಲಿ ಸೈಟು ಮಾರಬೇಕು. ಅಂತರ್ಜಾಲದಲ್ಲಿ ಕಾಣುವ "ನ್ಯಾಷನಲ್ ಮೆರಿಟ್" ಎನ್ನುವುದು ಪಿಎಸ್‌ಎಟಿ ಮೂಲಕ ಅಮೆರಿಕದ ಹೈಸ್ಕೂಲು ಮಕ್ಕಳಿಗೆ ಇರುವ ಸ್ಪರ್ಧೆ. ಕುವೆಂಪುನಗರದಲ್ಲಿ ಓದುವ ಭಾರತೀಯ ಮಗುವಿಗೆ ಅದು ಅನ್ವಯಿಸುವುದಿಲ್ಲ. ಉಳಿದರ್ಧ ಕಟ್ಟುವ ಶಕ್ತಿ ಇರುವವರು ಬರೆಸಲಿ. ಎನ್‌ಎಂಎಂಎಸ್‌ನ ಎರಡನೇ ಪತ್ರಿಕೆಗೂ ಎಸ್‌ಎಟಿ ಎಂದೇ ಹೆಸರಿದೆ, ಗೈಡು ಕೊಳ್ಳುವಾಗ ಅದಲುಬದಲಾಗದಂತೆ ನೋಡಿಕೊಳ್ಳಿ.

ಕಾಗದಪತ್ರ

ಬಹಳ ಅರ್ಜಿಗಳು ಬೀಳುವುದು ಇಲ್ಲಿ, ಅಂಕದಲ್ಲಲ್ಲ.

ಮೊದಲು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಸಿಗುತ್ತದೆ, ಐದು ವರ್ಷ ಚಾಲ್ತಿ. ಅದರಲ್ಲಿ ಬರೆದಿರುವ ಅಂಕಿ ಐದು ವರ್ಷ ನಿಮ್ಮ ಬೆನ್ನಿಗಿರುತ್ತದೆ. ವಿದ್ಯಾಧನ್‌ಗೆ 2 ಲಕ್ಷ, ಯಶಸ್ವಿಗೆ 2.5, ಎನ್‌ಎಂಎಂಎಸ್‌ಗೆ 3.5, ಸೆಂಟ್ರಲ್ ಸೆಕ್ಟರ್‌ಗೆ 4.5, ಎಸ್‌ಎನ್‌ಕ್ಯೂಗೆ 8. ಪತ್ರದಲ್ಲಿ 2.20 ಲಕ್ಷ ಎಂದಿದ್ದರೆ ವಿದ್ಯಾಧನ್ ಒಂದು ಬಿಟ್ಟು ಉಳಿದೆಲ್ಲಕ್ಕೂ ಅರ್ಹತೆ ಇದೆ. ಮಗು ಏಳನೇ ತರಗತಿಯಲ್ಲಿರುವಾಗಲೇ ಮಾಡಿಸಿಟ್ಟುಕೊಳ್ಳಿ, ಕೊನೆಯ ದಿನ ನಾಡಕಚೇರಿ ಮುಂದೆ ಸಾಲು ನಿಲ್ಲುವುದು ತಪ್ಪುತ್ತದೆ.

ಹೆಸರು. ಶಾಲೆಯ ದಾಖಲೆಯಲ್ಲಿ "ಕಾವ್ಯ ಎಂ.ಎಸ್.", ಆಧಾರ್‌ನಲ್ಲಿ "ಕಾವ್ಯಾ ಶಿವಣ್ಣ" ಎಂದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾಗುವ ಮೊದಲು, ಶಾಲೆಯ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಇರುವ ಹೆಸರು, ಹುಟ್ಟಿದ ದಿನಾಂಕ ಆಧಾರ್‌ಗೆ ತಾಳೆಯಾಗುವಂತೆ ಮಾಡಿಸಿ. ಆಮೇಲಾದರೆ ಮಂಡಳಿ ಕಚೇರಿಯವರೆಗೂ ಅಲೆಯಬೇಕು.

ಬ್ಯಾಂಕ್ ಖಾತೆ ಮಗುವಿನ ಹೆಸರಲ್ಲೇ ಇರಲಿ, ಆಧಾರ್ ಜೋಡಣೆಯ ಜೊತೆ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಈ ಖಾತೆಗೇ ಬರಲಿ ಎನ್ನುವ ಗುರುತು, ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಇವೆರಡೂ ಒಂದೇ ಅಲ್ಲ. ಜೋಡಣೆಯಾಗಿದ್ದರೂ ಮ್ಯಾಪಿಂಗ್ ಇಲ್ಲದೆ ಹಣ ವಾಪಸು ಹೋಗುತ್ತದೆ. ಕೇಂದ್ರದ ವಿದ್ಯಾರ್ಥಿವೇತನ ಪೋರ್ಟಲ್ ಎನ್‌ಎಸ್‌ಪಿಯಲ್ಲಿ ಸಿಗುವ ಒಂದೇ ಸಲದ ನೋಂದಣಿ ಸಂಖ್ಯೆಯನ್ನು ಪಾಸ್‌ಬುಕ್ಕಿನ ಹಿಂದೆಯೇ ಬರೆದಿಡಿ. ಎನ್‌ಎಸ್‌ಪಿ ಅರ್ಜಿಗೆ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ, ಸೈಬರ್ ಸೆಂಟರಿನವರ ಕೂಲಿ ಬೇರೆ ಮಾತು. "ಸ್ಯಾಂಕ್ಷನ್ ಮಾಡಿಸ್ತೀನಿ, ಇಷ್ಟು ಕೊಡಿ" ಎನ್ನುವವರಿಗೆ ಒಟಿಪಿ ಹೇಳಬೇಡಿ.

ಕೊನೆಯದಾಗಿ ನವೀಕರಣ. ಎನ್‌ಎಂಎಂಎಸ್ ಒಮ್ಮೆ ಪಾಸಾದರೆ ನಾಲ್ಕು ವರ್ಷ ತಾನಾಗಿ ಬರುತ್ತದೆ ಎಂಬ ನಂಬಿಕೆ ಇದೆ. ಹಾಗಿಲ್ಲ, ಒಂಬತ್ತರಲ್ಲಿ ಹೊಸ ಅರ್ಜಿ, ಆಮೇಲೆ ಪ್ರತಿ ವರ್ಷ ನವೀಕರಣ ಹಾಕಬೇಕು, ಶಾಲೆ ಅಥವಾ ಕಾಲೇಜಿನ ನೋಡಲ್ ಅಧಿಕಾರಿ ತಮ್ಮ ಲಾಗಿನ್‌ನಲ್ಲಿ ಅದನ್ನು ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಹೈಸ್ಕೂಲಿನಿಂದ ಪಿಯು ಕಾಲೇಜಿಗೆ ಹೋದ ವರ್ಷ ಇದು ತಪ್ಪುವುದು ಹೆಚ್ಚು, ಹೊಸ ಕಾಲೇಜಿನವರಿಗೆ ಈ ಮಗುವಿಗೆ ವಿದ್ಯಾರ್ಥಿವೇತನ ಇದೆ ಎಂದೇ ಗೊತ್ತಿರುವುದಿಲ್ಲ. ಪ್ರಥಮ ಪಿಯುಸಿಗೆ ಸೇರಿಸಿದ ವಾರವೇ ಕಚೇರಿಗೆ ಹೋಗಿ ಗುಮಾಸ್ತರ ಮುಂದೆ ಎನ್‌ಎಂಎಂಎಸ್ ಆಯ್ಕೆ ಪತ್ರದ ಒಂದು ಜೆರಾಕ್ಸ್ ಇಟ್ಟು, ನವೀಕರಣಕ್ಕೆ ನೋಡಲ್ ಅಧಿಕಾರಿ ಯಾರು ಎಂದು ಕೇಳಿಕೊಂಡು ಬನ್ನಿ.